ಹಲ್ಲು ಕೀಳಿಸಿ ಎರಡೂವರೆ ತಿಂಗಳಾಯ್ತು, ಗುಂಡಿ ಮಾಯ್ತಾನೇ ಇಲ್ಲ, ಯಾರಾದ್ರೂ ಹೇಳಿ

ಸೂಳೆಕೆರೆ ಏರಿ | ಜೂನ್ 3, ರಾತ್ರಿ 10:40
ಎಲ್ರಿಗೂ ನಮಸ್ಕಾರ. ಇಲ್ಲಿ ಒಂದಿಬ್ರು ಡಾಕ್ಟ್ರು ಇದ್ದೀರ ಅಂತ ಗೊತ್ತು ಅದಕ್ಕೇ ಕೇಳ್ತಿದೀನಿ. ನಮ್ ಭಾವ, ಅಂದ್ರೆ ಅಕ್ಕನ ಯಜಮಾನ್ರು, 43 ವರ್ಷ, ಚನ್ನಗಿರಿ ಕಡೆ ಗೂಡ್ಸ್ ಆಟೋ ಓಡಿಸ್ತಾರೆ. ಬಲಗಡೆ ಕೆಳಗಿನ ಕೊನೇ ದವಡೆ ಹಲ್ಲು ಅಲ್ಲಾಡ್ತಿತ್ತು, ಮಾರ್ಚಲ್ಲಿ ಒಂದು ಕ್ಲಿನಿಕ್ಕಲ್ಲಿ ಕೀಳಿಸಿದ್ರು. ಆ ಗುಂಡಿ ಇವತ್ತಿಗೂ ಮಾಯ್ದಿಲ್ಲ. ಮೂರ್ ಸಲ ತೋರಿಸಿದ್ರೂ ಒಂದ್ಸಲ ಆಂಟಿಬಯೋಟಿಕ್, ಒಂದ್ಸಲ ಬಿ ಕಾಂಪ್ಲೆಕ್ಸ್, ಒಂದ್ಸಲ ಹಚ್ಚೋ ಜೆಲ್ ಕೊಟ್ಟು ಕಳಿಸ್ತಾರೆ. ನೋವು ಅಷ್ಟಿಲ್ಲ ಅಂತಾರೆ ಆದ್ರೆ ರಾತ್ರಿ ಬಲಗಿವಿ ಒಳಗೆ ಸೆಳೆಯುತ್ತಂತೆ. ನಿನ್ನೆ ಅಕ್ಕ ಫೋನ್ ಮಾಡಿ ಇವರ ಬಾಯಿ ವಾಸ್ನೆ ಬರ್ತಿದೆ ಕಣೋ, ಮುದ್ದೆ ತುತ್ತು ಸಣ್ಣ ಮಾಡ್ಕೊಂಡು ನುಂಗ್ತಾರೆ ಅಂದ್ಲು. ಶುಗರ್ ಇರ್ಬಹುದಾ? ಶುಗರ್ ಇದ್ರೆ ಗಾಯ ಬೇಗ ಮಾಯಲ್ಲ ಅಂತಾರಲ್ಲ.

ಟೀ ಅಂಗಡಿ | ಜೂನ್ 3
ಉಷ್ಣ ಆಗಿರುತ್ತೆ ಬ್ರೋ. ಮಜ್ಜಿಗೆ ಜಾಸ್ತಿ ಕುಡೀಲಿ.

ಕೆಳದವಡೆ | ಜೂನ್ 3, ರಾತ್ರಿ 11:25
ನಾನು ಡೆಂಟಲ್ ಸರ್ಜರಿ ಪಿಜಿ ಮಾಡ್ತಿದೀನಿ. ಅಣ್ಣ, ಮಜ್ಜಿಗೆ ವಿಷ್ಯ ಆಮೇಲೆ ನೋಡೋಣ. ಮೊದ್ಲು ಇಷ್ಟಕ್ಕೆ ಉತ್ರ ಕೊಡಿ: ಭಾವ ಏನು ಹಾಕ್ತಾರೆ, ಎಷ್ಟು ವರ್ಷದಿಂದ? ಅವರ ಬಾಯಿಗೆ ಅವರದ್ದೇ ಮೂರು ಬೆರಳು, ತೋರುಬೆರಳು ನಡುಬೆರಳು ಉಂಗುರಬೆರಳು ಮೂರೂ ಸೇರಿಸಿ ನೆಟ್ಟಗೆ ಒಂದರ ಮೇಲೊಂದು ಇಟ್ರೆ ಮುಂದಿನ ಹಲ್ಲುಗಳ ಮಧ್ಯೆ ಹೋಗುತ್ತಾ? ದವಡೆ ಕೆಳಗೆ ಬಲಗಡೆ ಗಂಟು ಕೈಗೆ ಸಿಗುತ್ತಾ? ಗುಂಡಿ ಅಂಚು ಗಟ್ಟಿ ಇದ್ಯಾ, ಮುಟ್ಟಿದ್ರೆ ರಕ್ತ ಬರುತ್ತಾ?

ಹಲ್ಲು ಕಿತ್ತ ಗುಂಡಿ ಮೇಲೆ ಎರಡು ಮೂರು ವಾರದಲ್ಲಿ ಚರ್ಮ ಕೂಡ್ಕೊಳ್ಬೇಕು. ಶುಗರ್ ಇದ್ರೆ ಸ್ವಲ್ಪ ತಡ ಆಗ್ಬಹುದು, ಎರಡೂವರೆ ತಿಂಗಳು ಆಗಲ್ಲ. ಇನ್ನೊಂದು, ವಸಡಿನ ಕಾಯಿಲೆ ಇಲ್ಲದೆ ಬರೀ ಒಂದೇ ಒಂದು ಹಲ್ಲು ಅಲ್ಲಾಡಿದೆ ಅಂದ್ರೆ ಕೆಳಗೆ ಮೂಳೇನ ಏನೋ ತಿಂತಿದೆ ಅಂತ ಅನುಮಾನ ಬರ್ಬೇಕು. ಹೆದರಿಸ್ತಿಲ್ಲ, ಉತ್ರ ಹೇಳಿ.

ಸೂಳೆಕೆರೆ ಏರಿ | ಜೂನ್ 4, ಬೆಳಿಗ್ಗೆ 7:10
ಸರ್, ಎರಡು ಬೆರಳೂ ಕಷ್ಟದಲ್ಲಿ ಹೋಗುತ್ತೆ. ಮೂರನೇದು ಚಾನ್ಸೇ ಇಲ್ಲ. ಇದು ಈಗಿಂದಲ್ಲ, ನಾಲ್ಕೈದು ವರ್ಷದಿಂದ ಪಾನಿಪೂರಿ ಬಾಯಿಗೆ ಇಡೋಕಾಗಲ್ಲ ಅಂತ ಅವ್ರೇ ತಮಾಷೆ ಮಾಡ್ತಿದ್ರು, ನಾವೂ ನಗ್ತಿದ್ವಿ. ಖಾರ ಆಗಲ್ಲ ಅಂತ ಮನೇಲಿ ಎಲ್ರಿಗೂ ಸಪ್ಪೆ ಸಾರು. ಹಾಕೋದು ಆ ಎರಡು ಪ್ಯಾಕೆಟ್, ಒಂದ್ರಲ್ಲಿ ಪಾನ್ ಮಸಾಲ ಇನ್ನೊಂದ್ರಲ್ಲಿ ತಂಬಾಕು, ಎರಡೂ ಅಂಗೈಗೆ ಸುರ್ಕೊಂಡು ಮಿಕ್ಸ್ ಮಾಡೋದು. ಅದಕ್ಕೆ ಮುಂಚೆ ಕಡ್ಡಿಪುಡಿ ಎಲೆಅಡಿಕೆ ಇತ್ತು. ಒಟ್ಟು 18, 19 ವರ್ಷ ಆಗಿರ್ಬೇಕು, ದಿನಕ್ಕೆ ಹತ್ತು ಹದಿನೈದು, ಲೋಡ್ ಇದ್ದ ದಿನ ಲೆಕ್ಕ ಇಲ್ಲ. ಯಾವಾಗ್ಲೂ ಬಲಗಡೆ ಕೆನ್ನೆಗೇ ಇಟ್ಕೊಳ್ಳೋದು. ಗಂಟು ಇದೆ ಸರ್, ದವಡೆ ಕೆಳಗೆ ಬಟಾಣಿಗಿಂತ ಸ್ವಲ್ಪ ದೊಡ್ಡದು, ಅಕ್ಕ ಮುಟ್ಟಿ ನೋಡಿ ಹೇಳಿದ್ಲು.

ಕೆಳದವಡೆ | ಜೂನ್ 4, ಬೆಳಿಗ್ಗೆ 7:32
ಇವತ್ತೇ ಆಟೋ ನಿಲ್ಸಿ ದಾವಣಗೆರೆಗೆ ಕರ್ಕೊಂಡು ಹೋಗಿ. ಡೆಂಟಲ್ ಕಾಲೇಜಲ್ಲಿ ಓರಲ್ ಮೆಡಿಸಿನ್ ಅಂತ ವಿಭಾಗ ಇರುತ್ತೆ, ಇಲ್ಲಾಂದ್ರೆ ಓರಲ್ ಸರ್ಜರಿ. ಬಯಾಪ್ಸಿ ಆಗ್ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಹುಣ್ಣಿನ ಅಂಚಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ತುಂಡು ತೆಗೀತಾರೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದ ಕೆಲಸ. ಕ್ಯಾನ್ಸರ್ ಹೌದೋ ಅಲ್ವೋ ಅಂತ ಹೇಳೋದು ಆ ತುಂಡು ಮಾತ್ರ. ಸ್ಕ್ಯಾನ್ ಹೇಳಲ್ಲ, ರಕ್ತ ಪರೀಕ್ಷೆ ಹೇಳಲ್ಲ, ನಾನೂ ಫೋಟೋ ನೋಡಿ ಹೇಳಲ್ಲ.

ಬಾಯಿ ತೆಗೆಯೋಕಾಗದೇ ಇರೋದು ಬೇರೆ ಕಥೆ, ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಅಡಿಕೆ ರಸಕ್ಕೆ ಕೆನ್ನೆ ಒಳಗಿನ ಪದರ ಬಿಗಿದು ಹಗ್ಗದ ಥರ ಪಟ್ಟಿ ಪಟ್ಟಿ ಆಗಿರುತ್ತೆ, ಬೆರಳಿಟ್ರೆ ಕೈಗೆ ಸಿಗುತ್ತೆ. ಖಾರ ತಡೆಯೋಕಾಗಲ್ಲ ಅನ್ನೋದೇ ಅದರ ಮೊದಲ ಲಕ್ಷಣ. ನಾಲ್ಕು ವರ್ಷದ ಹಿಂದೆ ಪಾನಿಪೂರಿ ಹೋಗಲ್ಲ ಅಂದಾಗ್ಲೇ ಯಾರಾದ್ರೂ ಟಾರ್ಚ್ ಹಾಕಿ ನೋಡ್ಬೇಕಿತ್ತು, ಈಗ ಅದನ್ನ ಹೇಳಿ ಪ್ರಯೋಜನ ಇಲ್ಲ ಬಿಡಿ.

ಬೇರುನಾರು | ಜೂನ್ 4
ದಯವಿಟ್ಟು ಬಯಾಪ್ಸಿ ಮಾತ್ರ ಮಾಡಿಸ್ಬೇಡಿ. ಚಾಕು ತಾಗಿದ್ರೆ ಅದು ಎದ್ದು ಮೈಗೆಲ್ಲಾ ಹರಡುತ್ತೆ. ಮಲೆನಾಡ ಕಡೆ ಚಕ್ಕೆ ಔಷಧಿ ಕೊಡ್ತಾರೆ, ಮೂರು ತಿಂಗಳು ಕಷಾಯ ಕುಡಿದು ಪಥ್ಯ ಮಾಡಿದ್ರೆ ಕರಗುತ್ತೆ. ನಂಗೆ ಗೊತ್ತಿರೋರಿಗೇ ಹೋಗಿದೆ.

ಪುಟ್ಟಿ ಅಮ್ಮ | ಜೂನ್ 4, ಮಧ್ಯಾಹ್ನ
ಬೇರುನಾರು ಅವರೇ, ನಿಮಗೆ ಗೊತ್ತಿರೋರಿಗೆ ಮೊದ್ಲು ಬಯಾಪ್ಸಿ ಆಗಿತ್ತಾ? ಆಗಿಲ್ಲಾಂದ್ರೆ ಅದು ಕ್ಯಾನ್ಸರ್ ಅಂತ ಯಾರು ಹೇಳಿದ್ರು?

ನಾನು ಮೈಸೂರು, 36 ವರ್ಷ, ಜೀವನದಲ್ಲಿ ಒಂದು ಎಲೆಅಡಿಕೆ ಬಿಟ್ರೆ, ಅದೂ ಮದುವೆ ಮನೇಲಿ, ಏನೂ ಹಾಕ್ದೋಳಲ್ಲ. ಎಡಗಡೆ ನಾಲಿಗೆ ಪಕ್ಕದಲ್ಲಿ ಹುಣ್ಣು. ಮುರಿದ ಹಲ್ಲು ಚುಚ್ತಿತ್ತು, ಅದಕ್ಕೇ ಹುಣ್ಣು ಅಂದ್ಕೊಂಡೆ. ಡೆಂಟಿಸ್ಟ್ ಒಬ್ಬರು ಹಲ್ಲು ಉಜ್ಜಿ ನುಣ್ಣಗೆ ಮಾಡಿ, ಎರಡು ವಾರ ಬಿಟ್ಟು ಬನ್ನಿ, ಮಾಯ್ದಿಲ್ಲಾಂದ್ರೆ ಪೀಸ್ ತೆಗೀತೀನಿ ಅಂದ್ರು. ಮಾಯಲಿಲ್ಲ. ತೆಗೆದ್ರು. ಕ್ಯಾನ್ಸರ್ರೇ. ಆ ಮನುಷ್ಯ ಎರಡು ವಾರ ಅಂತ ಒಂದು ಗಡುವು ಹಾಕಿದ್ರಲ್ಲ, ಅದಕ್ಕೇ ನಾನು ಇವತ್ತು ಇಲ್ಲಿ ಕೂತು ಟೈಪ್ ಮಾಡ್ತಿದೀನಿ. ಗಡ್ಡೆ ಎರಡು ಸೆಂಟಿಮೀಟರ್ ಒಳಗಿತ್ತು, ನಾಲಿಗೆ ಕಾಲು ಭಾಗ ಹೋಯ್ತು.

ಕತ್ತಲ್ಲಿ ಗಂಟು ಇಲ್ಲದೇ ಇದ್ರೂ ಕತ್ತು ಯಾಕೆ ಕುಯ್ಬೇಕು ಅಂತ ನಾನು ಜಗಳ ಆಡಿದ್ದೆ. ಡಾಕ್ಟ್ರು ಕೂರಿಸ್ಕೊಂಡು ಹೇಳಿದ್ರು: ಮುಂಬೈ ಟಾಟಾ ಆಸ್ಪತ್ರೆಯವರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟ ಮಾಡಿದಾರೆ, ಶುರುವಿನ ಹಂತದ ಬಾಯಿ ಕ್ಯಾನ್ಸರಲ್ಲಿ ಕತ್ತಿನ ಗಂಟುಗಳನ್ನ ಮೊದಲನೇ ಆಪರೇಷನ್ನಲ್ಲೇ ತೆಗೆದೋರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಜನ ಬದುಕಿದ್ರು, ಗಂಟು ಬಂದ್ಮೇಲೆ ನೋಡೋಣ ಅಂತ ಬಿಟ್ಟೋರಲ್ಲಿ 67 ಚಿಲ್ಲರೆ ಅಂತ. ಸರಿ ಕುಯ್ಯಿರಿ ಅಂದೆ.

ಈಗ ನಂಗೆ ಕಷ್ಟ ಅಂದ್ರೆ ಳ ಮತ್ತೆ ಣ. ನಾಲಿಗೆ ಮೇಲಕ್ಕೆ ಮಡಚ್ಬೇಕಲ್ಲ, ಅದು ಬಗ್ಗಲ್ಲ. ಹಳ್ಳಿ ಅಂದ್ರೆ ಹಲ್ಲಿ ಆಗುತ್ತೆ, ಬಾಳೆಹಣ್ಣು ಅಂದ್ರೆ ಬಾಲೆಹನ್ನು. ನನ್ ಮಗಳು ಪುಟ್ಟಿ ಎರಡನೇ ಕ್ಲಾಸು, ನಂಗೇ ಳಕಾರ ಪಾಠ ಮಾಡ್ತಾಳೆ. ಮಾನಸಗಂಗೋತ್ರಿ ಹತ್ರ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಸ್ಪೀಚ್ ಥೆರಪಿಗೆ ಹೋಗ್ತಿದ್ದೆ, ತುಂಬಾ ಸುಧಾರಿಸಿದೆ.

ಬೇರುನಾರು | ಜೂನ್ 4
ನಿಮ್ಮ ಇಷ್ಟ. ಒಳ್ಳೇದು ಹೇಳಿದ್ರೆ ಯಾರಿಗೂ ಬೇಡ.

ಸೂಳೆಕೆರೆ ಏರಿ | ಜೂನ್ 5
ಹೋಗಿದ್ವಿ. ಅಲ್ಲಿ ಮೇಡಂ ಒಬ್ರು ನೋಡಿದ ತಕ್ಷಣ ಮುಖ ಬದಲಾಯ್ತು, ಆದ್ರೆ ಏನೂ ತೋರಿಸ್ಕೊಳ್ದೆ ಎಷ್ಟು ಮಕ್ಕಳು ಅಂತೆಲ್ಲಾ ಮಾತಾಡಿಸ್ಕೊಂಡೇ ಪೀಸ್ ತೆಗೆದ್ರು. ಆಚೆ ಬಂದ್ಮೇಲೆ ಭಾವ ಜೇಬಿಂದ ಪ್ಯಾಕೆಟ್ ತೆಗೆದು ಡಸ್ಟ್‌ಬಿನ್ನಿಗೆ ಹಾಕಿದ್ರು. ಒಂದೇ ನಿಮಿಷ, ಮತ್ತೆ ಹೋಗಿ ಡಸ್ಟ್‌ಬಿನ್ ಕಡೆ ನೋಡ್ಕೊಂಡು ನಿಂತ್ಕೊಂಡಿದ್ರು. ನಾನು ನೋಡ್ಲಿಲ್ಲ ಅನ್ನೋ ಥರ ಟೀ ತರೋಕೆ ಹೋದೆ.

ನೈಟ್ ಶಿಫ್ಟ್ | ಜೂನ್ 5
ನಾನು ಮಂಗಳೂರು ಕಡೆ ಕ್ಯಾನ್ಸರ್ ವಾರ್ಡಲ್ಲಿ ನರ್ಸ್. ಅವರನ್ನ ಬೈಬೇಡಿ ಆಯ್ತಾ. ಇಪ್ಪತ್ತು ವರ್ಷದ ಚಟ ಒಂದೇ ದಿನಕ್ಕೆ ಬಿಡ್ಲಿಕ್ಕೆ ಕಷ್ಟ ಉಂಟು, ಮೊದಲ ಒಂದು ವಾರ ಸಿಟ್ಟು, ನಿದ್ದೆ ಇಲ್ಲ, ಕೈ ಸುಮ್ಮನೆ ಜೇಬಿಗೆ ಹೋಗ್ತದೆ. 1800 11 2356, ತಂಬಾಕು ಬಿಡ್ಲಿಕ್ಕೆ ಸರ್ಕಾರದ ಫ್ರೀ ನಂಬರ್, ಪ್ಯಾಕೆಟಿನ ಮೇಲೆಯೇ ಇರ್ತದೆ ಆದ್ರೆ ಯಾರೂ ಓದುದಿಲ್ಲ. ನಿಮ್ಹಾನ್ಸಿನವರು ಕನ್ನಡದಲ್ಲೇ ಮಾತಾಡ್ತಾರೆ.

ತೋಟದ ಮನೆ | ಜೂನ್ 6
ಒಂದು ವಿಷಯ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಮ್ದು ತೀರ್ಥಹಳ್ಳಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ. ಎಲ್ಲಿ ಹೋದ್ರೂ ಅಡಿಕೆಯಿಂದ ಕ್ಯಾನ್ಸರ್ ಅಂತ ಶುರು ಮಾಡ್ತಾರೆ. ನಮ್ಮಜ್ಜಿ 88 ವರ್ಷ ಬದುಕಿದ್ಲು, ಬೆಳಿಗ್ಗೆ ಎದ್ದು ಕವಳ ಹಾಕ್ದೇ ಇದ್ರೆ ಅವಳಿಗೆ ದಿನಾನೇ ಶುರು ಆಗ್ತಿರ್ಲಿಲ್ಲ, ಏನೂ ಆಗ್ಲಿಲ್ಲ. ತಂಬಾಕು, ಕೆಮಿಕಲ್ಲು ಸೇರಿಸಿ ಗುಟ್ಕಾ ಮಾಡೋರು ಕಂಪನಿಯವರು, ಬೈಸ್ಕೊಳ್ಳೋದು ಬೆಳೆಗಾರ. ಅಡಿಕೆ ದೇವರಿಗೆ ಇಡೋ ವಸ್ತು ಮಾರಾಯ್ರೆ.

ಕೆಳದವಡೆ | ಜೂನ್ 6
ಸರ್, ನಮ್ಮ ಅಮ್ಮನ ತವರು ಕೂಡ ತೋಟದವರೇ, ನಿಮ್ ಸಂಕಟ ಅರ್ಥ ಆಗುತ್ತೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದೀಲಿ ಬರೀ ಅಡಿಕೇನೂ, ತಂಬಾಕಿಲ್ಲದ ಎಲೆಅಡಿಕೇನೂ ಮೊದಲನೇ ಗುಂಪಿಗೆ ಸೇರಿಸಿದೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತ ಆಗಿರೋ ಗುಂಪು. ತಂಬಾಕು ಸೇರಿದ್ರೆ ಅಪಾಯ ಇನ್ನೂ ಜಾಸ್ತಿ, ಅದು ನಿಜ. ಬಾಯಿ ಮುಚ್ಚಿಹೋಗೋ ಫೈಬ್ರೋಸಿಸ್ ಇದೆಯಲ್ಲ, ಅದಕ್ಕೆ ಅಡಿಕೆ ಒಂದೇ ಸಾಕು, ತಂಬಾಕು ಮುಟ್ಟದ 20, 22 ವರ್ಷದ ಹುಡುಗ್ರು ಬರೀ ಪಾನ್ ಮಸಾಲ ಹಾಕಿ ಒಂದೂವರೆ ಬೆರಳು ಬಾಯಿ ತೆಗ್ಯೋ ಹಂಗಾಗಿ ಬರ್ತಾರೆ. ಅಜ್ಜಿ ಕವಳ ಎಷ್ಟು ಹೊತ್ತಿಗೆ ಒಂದ್ಸಲ, ಉಗುಳಿ ಬಾಯಿ ತೊಳೀತಿದ್ರಾ, ಹುಡುಗ್ರು ಅರ್ಧ ಗಂಟೆಗೊಂದು ಪ್ಯಾಕೆಟ್ ಹಾಕಿ ಕೆನ್ನೇಲೇ ಇಟ್ಕೊಂಡು ಮಲಗ್ತಾರೆ. ಅಜ್ಜಿಗೆ ಆಗ್ಲಿಲ್ಲ ಅಂತ ಯಾರಿಗೂ ಆಗಲ್ಲ ಅಂತಲ್ಲ. ದೇವರಿಗೆ ಇಡೋದಕ್ಕೆ ಯಾರೂ ಬೇಡ ಅಂದಿಲ್ಲ, ದೇವ್ರು ಅಗಿಯಲ್ಲ.

ತೋಟದ ಮನೆ | ಜೂನ್ 6
ದೇವ್ರು ಅಗಿಯಲ್ಲ ಅಂದಿದ್ದು ಚೆನ್ನಾಗಿದೆ. ಆದ್ರೂ ಒಪ್ಪಲ್ಲ ನಾನು.

ಟೀ ಅಂಗಡಿ | ಜೂನ್ 6
ಗುಟ್ಕಾ ಬ್ಯಾನ್ ಆಗಿದೆ ಅಲ್ವಾ ನಮ್ ರಾಜ್ಯದಲ್ಲಿ??

ಕೆಳದವಡೆ | ಜೂನ್ 6
2013ರಲ್ಲೇ ಆಗಿದೆ. ಬ್ಯಾನ್ ಆಗಿದ್ದು ಎರಡೂ ಬೆರೆಸಿ ಮಾರೋದು. ಅದಕ್ಕೇ ಈಗ ಮಸಾಲ ಪ್ಯಾಕೆಟ್ ಬೇರೆ, ತಂಬಾಕು ಪ್ಯಾಕೆಟ್ ಬೇರೆ, ಪಕ್ಕ ಪಕ್ಕ ನೇತಾಡ್ತವೆ. ಬೆರೆಸೋ ಕೆಲಸ ಗಿರಾಕಿ ಅಂಗೈಗೆ ಬಿಟ್ಟಿದಾರೆ.

ಸೂಳೆಕೆರೆ ಏರಿ | ಜೂನ್ 12
ರಿಪೋರ್ಟ್ ಬಂತು. ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಅಂತ ಬರೆದಿದೆ. ಕಾರ್ಸಿನೋಮಾ ಅಂದ್ರೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಅಕ್ಕನಿಗೆ ಇನ್ನೂ ಹೇಳಿಲ್ಲ.

ಪುಟ್ಟಿ ಅಮ್ಮ | ಜೂನ್ 12
ಹೇಳಿ ತಮ್ಮಾ. ಮುಚ್ಚಿಡ್ಬೇಡಿ. ನಾಳೆಯಿಂದ ಎಲ್ಲಾ ಅವಳ ಕೈಲೇ ಆಗ್ಬೇಕಿರೋದು.

ನೈಟ್ ಶಿಫ್ಟ್ | ಜೂನ್ 12
ಕಾರ್ಡ್ ಯಾವುದು, ಬಿಪಿಎಲ್ಲಾ? ಬಿಪಿಎಲ್ ಆದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು, ಎಪಿಎಲ್ ಆದ್ರೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಪ್ರೈವೇಟ್ ಆಸ್ಪತ್ರೆಗೆ ಹೋಗುದಾದ್ರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಮಾಡಿಸ್ಲೇಬೇಕು, ಅಡ್ಮಿಟ್ ಆದ ಮೇಲೆ ಓಡಾಡುದು ಬೇಡ. ಬೆಂಗಳೂರಲ್ಲಿ ಕಿದ್ವಾಯಿ, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಉಂಟು, ಎಲ್ಲಿ ನಿಮಗೆ ಉಳ್ಕೊಳ್ಳಿಕ್ಕೆ ಜನ ಇದ್ದಾರೆ ನೋಡಿ. ಇದು ಒಂದು ದಿನದ ಕೆಲಸ ಅಲ್ಲ, ಮೂರು ನಾಲ್ಕು ತಿಂಗಳು ಅಲ್ಲೇ ಬಿದ್ದಿರ್ಬೇಕು. ರೈಲಲ್ಲಿ ಹೋಗುದಾದ್ರೆ ಆಸ್ಪತ್ರೆಯ ಫಾರ್ಮ್ ತಕೊಂಡು ಕೌಂಟರಲ್ಲಿ ಮಾಡಿಸಿ, ಕ್ಯಾನ್ಸರ್ ಪೇಷಂಟಿಗೆ ಸ್ಲೀಪರ್ ಮತ್ತು ತ್ರೀ ಎಸಿ ಫ್ರೀ, ಜೊತೆಯವರಿಗೂ ರಿಯಾಯ್ತಿ ಉಂಟು.

ಜವಾರಿ ಮಂದಿ | ಜೂನ್ 13
ಧೈರ್ಯಾ ಬಿಡಬ್ಯಾಡ್ರಿ. ನಮ್ಮ ಅಪ್ಪಾರಿಗೆ 2019ರಾಗ ಗಂಟಲದಾಗಿನ ಧ್ವನಿ ಪೆಟಗಿನ ತಗದಾರ. ಬೀಡಿ ಭಾಳ ಸೇದ್ತಿದ್ರು. ಮೂರು ತಿಂಗಳ ದನಿ ಒಡದಿತ್ತು, ನಾವು ಜಾತ್ರ್ಯಾಗ ಒದರಾಡ್ಯಾರ ಅದಕ್ಕ ಹಂಗಾಗೇತಿ ಅಂತ ಬಿಟ್ವಿ. ದನಿ ಮೂರು ವಾರಕ್ಕಿಂತ ಹೆಚ್ಚು ಒಡದು ಕುಂತ್ರ ಕ್ಯಾಮೆರಾ ಹಾಕಿ ನೋಡಿಸಬೇಕಂತ, ಯಾರಿಗ್ ಗೊತ್ತಿತ್ರಿ. ಈಗ ಕುತ್ತಿಗ್ಯಾಗ ತೂತ ಐತಿ, ಅಲ್ಲಿಂದನ ಉಸರಾಟ. ಅದರಾಗ ಒಂದು ಸಣ್ಣ ವಾಲ್ವ್ ಹಾಕ್ಯಾರ, ತೂತಿಗೆ ಬೆರಳ ಒತ್ತಿ ಮಾತಾಡ್ತಾರ. ಬೆಂಗಳೂರಿನ ಡಾಕ್ಟರ್ ವಿಶಾಲ್ ರಾವ್ ಅನ್ನೋರು 50 ರೂಪಾಯಿದಾಗ ಅಂಥಾ ವಾಲ್ವ್ ಮಾಡ್ಯಾರಲ್ರಿ, ಓಮ್ ಅಂತ ಹೆಸರು, ಹೊರಗಿನ ದೇಶದ್ದು ಸಾವಿರಗಟ್ಲೆ ಬೀಳತದ. ಒಂದು ಮಜಾ ಹೇಳ್ತೀನಿ, ಮೊದಲ ಸಲ ವಾಲ್ವ್ ಹಾಕಿ ಮಾತಾಡಸ್ರಿ ಅಂದ್ರ ಅಪ್ಪಾರು ನಮ್ಮ ಅವ್ವನ ಹೆಸರ ಹಿಡದು ಕರದ್ರು. ನಲವತ್ತ ವರ್ಷದಾಗ ಹೆಸರ ಹಿಡದವರಲ್ಲ, ಏ ಇಕಿ ಅಂತಿದ್ರು.

ಸೂಳೆಕೆರೆ ಏರಿ | ಜೂನ್ 21, ರಾತ್ರಿ 1:05
ಬೆಂಗಳೂರಲ್ಲಿ ಇದೀವಿ. ಸಿಟಿ ಸ್ಕ್ಯಾನ್ ಆಯ್ತು. ಗಡ್ಡೆ ದವಡೆ ಮೂಳೆ ಒಳಗೆ ಹೋಗಿದೆ, ಕತ್ತಲ್ಲಿ ಒಂದು ಗಂಟು, ಎದೇಲಿ ಏನೂ ಇಲ್ಲ. ಫೈಲ್ ಮೇಲೆ ಸ್ಟೇಜ್ 4 ಎ ಅಂತ ಬರೆದಿದಾರೆ. ನಾಲ್ಕನೇ ಸ್ಟೇಜ್ ಅಂದ್ರೆ ಮುಗೀತು ಅಂತ ತಾನೆ ಅರ್ಥ. ಭಾವ ಊರಿಗೆ ಹೋಗೋಣ ನಡಿ, ಇರೋ ದುಡ್ಡು ಮಕ್ಕಳಿಗಾದ್ರೂ ಆಗ್ಲಿ ಅಂತ ಹಠ. ಪಕ್ಕದ ಬೆಡ್ಡಿನೋರೂ ಅದನ್ನೇ ಹೇಳ್ತಿದಾರೆ. ನಿದ್ದೆ ಬರ್ತಿಲ್ಲ.

ಕೆಳದವಡೆ | ಜೂನ್ 21, ರಾತ್ರಿ 1:20
ಅಣ್ಣ ಎಲ್ಲೂ ಹೋಗ್ಬೇಡಿ. ಇದನ್ನ ಭಾವಂಗೆ ಓದಿ ಹೇಳಿ.

ಜನ ಫೋರ್ತ್ ಸ್ಟೇಜ್ ಅಂದ್ರೆ ಒಂದೇ ಅಂದ್ಕೊಂಡಿದಾರೆ. ಬಾಯಿ ಕ್ಯಾನ್ಸರಲ್ಲಿ ನಾಲ್ಕು ಎ, ನಾಲ್ಕು ಬಿ, ನಾಲ್ಕು ಸಿ ಅಂತ ಮೂರಿದೆ. ಸಿ ಅಂದ್ರೆ ಶ್ವಾಸಕೋಶ ಅಥವಾ ಬೇರೆ ಕಡೆ ಹಾರಿದೆ ಅಂತ, ಜನ ಹೆದರೋದು ಅದಕ್ಕೆ. ಬಿ ಅಂದ್ರೆ ತಲೆಬುರುಡೆ ಬುಡಕ್ಕೋ ಕತ್ತಿನ ದೊಡ್ಡ ರಕ್ತನಾಳಕ್ಕೋ ಸುತ್ಕೊಂಡಿದೆ ಅಂತ. ಎ ಅಂದ್ರೆ ಪಕ್ಕದ ಮೂಳೆಗೋ ಕೆನ್ನೆ ಚರ್ಮಕ್ಕೋ ಹೋಗಿದೆ ಆದ್ರೆ ಕುಯ್ದು ಪೂರ್ತಿ ತೆಗೀಬಹುದು ಅಂತ. ನಮ್ ಕಡೆ ಕೆನ್ನೆ, ಕೆಳ ವಸಡಿನ ಕ್ಯಾನ್ಸರ್ರೇ ಜಾಸ್ತಿ, ವಸಡಿನ ಕೆಳಗೆ ಕೆಲವೇ ಮಿಲಿಮೀಟರಿಗೆ ಮೂಳೆ ಇರುತ್ತೆ, ಮೂಳೆ ಒಳಗೆ ಇಳಿದ ತಕ್ಷಣ ಹೆಸರು ನಾಲ್ಕು ಎ ಆಗ್ಬಿಡುತ್ತೆ. ಗುಣ ಮಾಡೋ ಉದ್ದೇಶದಿಂದಲೇ ಆಪರೇಷನ್ ಮಾಡೋ ಸ್ಟೇಜು ಇದು. ಎಲ್ರೂ ಗುಣ ಆಗ್ತಾರೆ ಅಂತ ನಾನು ಹೇಳಲ್ಲ, ಶುರುವಲ್ಲಿ ಸಿಕ್ಕೋರಿಗಿಂತ ಅರ್ಧಕ್ಕರ್ಧ ಕಷ್ಟ. ಆದ್ರೆ ಮುಗೀತು ಅನ್ನೋ ಸ್ಟೇಜ್ ಅಲ್ಲ. ನಾಲ್ಕು ಅನ್ನೋ ಅಂಕಿ ನೋಡಿ ಎದ್ದು ಊರಿಗೆ ಹೋಗಿ, ನಾಲ್ಕು ತಿಂಗಳ ಬಿಟ್ಟು ಕೆನ್ನೆ ತೂತಾಗಿ ವಾಪಸ್ ಬರ್ತಾರೆ ನೋಡಿ, ಆಗ ನಮಗೂ ಮಾಡೋಕೆ ಏನೂ ಉಳಿದಿರಲ್ಲ. ಅಂಥೋರನ್ನ ನಾನು ಈ ವರ್ಷವೇ ಮೂರು ಜನ ನೋಡಿದೀನಿ.

ಸೂಳೆಕೆರೆ ಏರಿ | ಜೂನ್ 21, ಬೆಳಿಗ್ಗೆ
ಓದಿ ಹೇಳಿದೆ. ಎರಡ್ಸಲ ಓದ್ಸಿದ್ರು. ಇರ್ತೀನಿ ಅಂದ್ರು.

ಸೂಳೆಕೆರೆ ಏರಿ | ಜುಲೈ 4
ಆಪರೇಷನ್ 9ನೇ ತಾರೀಕು. ಬಲಗಡೆ ದವಡೆ ಮೂಳೆ ಹಿಂದಿನ ಭಾಗ, ಕೆನ್ನೆ ಒಳಗಿನ ಚರ್ಮ, ಕತ್ತಿನ ಗಂಟುಗಳು ಎಲ್ಲಾ ಒಟ್ಟಿಗೆ ತೆಗೆದು ಎದೆಯಿಂದ ಮಾಂಸ ತಿರುಗಿಸಿ ಮುಚ್ತೀವಿ ಅಂದ್ರು. ಕಾಲಿನ ಮೂಳೆ ತೆಗೆದು ದವಡೆ ಮಾಡ್ತಾರೆ ಅಂತ ಯೂಟ್ಯೂಬಲ್ಲಿ ನೋಡಿದ್ದೆ, ಅದು ಯಾಕೆ ಬೇಡ ಅಂತಾರೆ? ದುಡ್ಡಿಲ್ಲ ಅಂತಾನಾ?

ಕೆಳದವಡೆ | ಜುಲೈ 4
ಬರೀ ದುಡ್ಡಿನ ಲೆಕ್ಕ ಅಲ್ಲ. ಗದ್ದದ ಮುಂದಿನ ಮೂಳೆ ಹೋದ್ರೆ ಕಾಲಿನ ಫಿಬುಲಾ ಮೂಳೆ ಹಾಕ್ಲೇಬೇಕು, ಇಲ್ಲಾಂದ್ರೆ ಗದ್ದ ಜೋತುಬಿದ್ದು ಜೊಲ್ಲು ನಿಲ್ಲಲ್ಲ. ಹಿಂದಿನ ಭಾಗ ಆದ್ರೆ ಎದೆ ಮಾಂಸದ ಫ್ಲಾಪಲ್ಲೂ ನಡೆಯುತ್ತೆ, ಮುಖ ಸ್ವಲ್ಪ ಒಂದು ಕಡೆ ವಾಲುತ್ತೆ ಅಷ್ಟೆ. ಫಿಬುಲಾದಲ್ಲಿ ರಕ್ತನಾಳ ಮೈಕ್ರೋಸ್ಕೋಪ್ ಇಟ್ಟು ಜೋಡಿಸ್ಬೇಕು, ಹೊತ್ತು ಜಾಸ್ತಿ, ಎರಡು ಟೀಮ್ ಬೇಕು. ಎದೆ ಫ್ಲಾಪ್ 1979ರಿಂದ ಬಂದಿರೋ ಹಳೇ ನಂಬಿಕಸ್ತ. ಒಂದು ವಿಚಿತ್ರ ಮುಂಚೇನೇ ಹೇಳ್ಬಿಡ್ತೀನಿ ಗಾಬರಿ ಆಗ್ಬೇಡಿ: ಎದೆ ಮೇಲೆ ಕೂದಲಿದ್ರೆ ಬಾಯೊಳಗೂ ಕೂದಲು ಬೆಳೆಯುತ್ತೆ. ರೇಡಿಯೇಷನ್ ಕೊಟ್ಮೇಲೆ ಹೆಚ್ಚಿನದು ಉದುರಿಹೋಗುತ್ತೆ.

ಇನ್ನೊಂದು, ಬಾಯಿ ತೆಗೆಯೋಕೆ ಆಗಲ್ವಲ್ಲ, ಅದಕ್ಕೆ ಅರಿವಳಿಕೆ ಕೊಡೋರು ಎಚ್ಚರ ಇದ್ದಾಗ್ಲೇ ಮೂಗಿಂದ ಸಣ್ಣ ಕ್ಯಾಮೆರಾ ಇಳಿಸಿ ಉಸಿರಿನ ಟ್ಯೂಬ್ ಹಾಕ್ಬಹುದು, ಇಲ್ಲಾಂದ್ರೆ ಕತ್ತಲ್ಲಿ ತಾತ್ಕಾಲಿಕ ತೂತು. ಭಾವಂಗೆ ಮೊದ್ಲೇ ಹೇಳಿರಿ, ಎದ್ದಾಗ ಮಾತು ಬರ್ದೇ ಇದ್ರೆ ಹೆದರಿಬಿಡ್ತಾರೆ. ಒಂದು ಸ್ಲೇಟು ಬಳಪ ತಗೊಂಡು ಹೋಗಿ.

ಸೂಳೆಕೆರೆ ಏರಿ | ಜುಲೈ 13
ಏಳು ಗಂಟೆ ಆಯ್ತು ಒಳಗೆ. ಮುಖ ಕುಂಬಳಕಾಯಿ ಥರ ಊದಿದೆ. ಸ್ಲೇಟ್ ಐಡಿಯಾ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್, ಅವರು ಮೊದ್ಲು ಬರೆದಿದ್ದು ಆಟೋ ಕಂತು ಕಟ್ಟಿದ್ಯಾ ಅಂತ.

ನೈಟ್ ಶಿಫ್ಟ್ | ಜುಲೈ 13
ಹ್ಹಹ್ಹ ಪರ್ವಾಗಿಲ್ಲ, ತಲೆ ಸರಿ ಉಂಟು ಅಂತಾಯ್ತು. ಭುಜದ ವ್ಯಾಯಾಮ ಕೇಳಿ ಶುರು ಮಾಡಿಸಿ, ಕತ್ತಿನ ಆಪರೇಷನಲ್ಲಿ ಭುಜದ ನರ ಎಳ್ದಿರ್ತದೆ, ಸುಮ್ಮನಿದ್ರೆ ಕೈ ಮೇಲೆ ಎತ್ಲಿಕ್ಕೆ ಆಗುದಿಲ್ಲ ಆಮೇಲೆ. ಡ್ರೈವರ್ ಬೇರೆ. ಮೂಗಿನ ಪೈಪಲ್ಲಿ ಊಟ ಹಾಕುವಾಗ ಕೂರಿಸಿಯೇ ಹಾಕಿ, ಹಾಕಿದ ಮೇಲೆ ಅರ್ಧ ಗಂಟೆ ಮಲಗಿಸ್ಬೇಡಿ.

ಸೂಳೆಕೆರೆ ಏರಿ | ಜುಲೈ 19
ಪೈಪ್ ಕಟ್ಕೊಂಡಿತ್ತು ಇವತ್ತು. ಅಕ್ಕ ರಾಗಿ ಗಂಜೀನ ಮಿಕ್ಸಿಗೆ ಹಾಕಿ ಹಾಗೇ ಹಾಕಿದ್ಲು, ಒಂದು ಚೂರು ಹಿಪ್ಪೆ ಸಿಕ್ಕಾಕೊಂಡು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಈಗ ಹಳೇ ಪಂಚೆ ಬಟ್ಟೇಲಿ ಎರಡ್ಸಲ ಸೋಸಿ, ಸಿರಿಂಜಿನ ದಬ್ಬೋ ಕಡ್ಡಿ ತೆಗೆದು, ಎತ್ತಿ ಹಿಡ್ದು ತಾನಾಗೇ ಇಳಿಯೋಕೆ ಬಿಡ್ತಾಳೆ, ಕೊನೇಲಿ ಒಂದು ಸಿರಿಂಜ್ ಬಿಸಿನೀರು. ಎರಡು ಗಂಟೆಗೊಂದ್ಸಲ, ಮೊಬೈಲಲ್ಲಿ ಅಲಾರಂ. ಬೇಳೆಕಟ್ಟು, ಹಾಲು, ಮೊಟ್ಟೆ ಬಿಳಿ, ಹೆಸರುಬೇಳೆ ಪಾಯಸ. ಅಕ್ಕ ಒಂದೊಂದ್ಸಲ ಸಿರಿಂಜ್ ಹಿಡ್ಕೊಂಡೇ ತೂಕಡಿಸ್ತಾಳೆ, ಕೈ ಮಾತ್ರ ಕೆಳಗೆ ಬರಲ್ಲ.

ಸೂಳೆಕೆರೆ ಏರಿ | ಜುಲೈ 26
ಆಪರೇಷನ್ನಲ್ಲಿ ತೆಗೆದಿದ್ದರ ದೊಡ್ಡ ರಿಪೋರ್ಟ್ ಬಂತು. ಕುಯ್ದ ಅಂಚು ಎಲ್ಲಾ ಕ್ಲಿಯರ್, ಗಡ್ಡೆಗೆ ಹತ್ತಿರದ ಅಂಚೂ 7 ಮಿಲಿಮೀಟರ್ ದೂರ. ಗಂಟು 34ರಲ್ಲಿ 1 ಪಾಸಿಟಿವ್, ಗಂಟಿನ ಕವಚ ಒಡೆದಿಲ್ಲ ಅಂತ. ಕರೆಂಟ್ ಟ್ರೀಟ್ಮೆಂಟ್, ಅದೇ ರೇಡಿಯೇಷನ್, 30 ಸಲ ಅಂದ್ರು, ಕೀಮೋ ಬೇಡ ಅಂದ್ರು. ಕೀಮೋನೂ ಸೇರಿಸಿ ಕೊಟ್ಬಿಟ್ರೆ ಗ್ಯಾರಂಟಿ ಅಲ್ವಾ? ಪಕ್ಕದ ಬೆಡ್ಡೋರಿಗೆ ಎರಡೂ ಕೊಡ್ತಿದಾರೆ.

ಕೆಳದವಡೆ | ಜುಲೈ 26
7 ಒಳ್ಳೇ ಅಂಚು, 5 ಇದ್ರೂ ಕ್ಲಿಯರ್ ಅಂತಾರೆ. ಆಪರೇಷನ್ ಆದೋರಿಗೆ ಕೀಮೋ ಸೇರಿಸೋದು ಮುಖ್ಯವಾಗಿ ಎರಡಕ್ಕೆ: ಅಂಚಲ್ಲಿ ಗಡ್ಡೆ ಉಳಿದಿದ್ರೆ, ಇಲ್ಲಾ ಗಂಟಿನ ಕವಚ ಒಡೆದು ಆಚೆ ಬಂದಿದ್ರೆ. ಪಕ್ಕದ ಬೆಡ್ಡೋರಿಗೆ ಅದಿರ್ಬಹುದು. ಇಲ್ಲದೇ ಇದ್ರೆ ಸಿಸ್ಪ್ಲಾಟಿನ್ ಕೊಟ್ಟು ಕಿಡ್ನಿ, ಕಿವಿ ಹಾಳು ಮಾಡ್ಕೊಂಡು ಸಿಗೋ ಲಾಭ ಇಲ್ಲ. ಬೇಡ ಅಂದಿರೋದು ಒಳ್ಳೇ ಸುದ್ದಿ, ಕೈಬಿಟ್ಟಿದಾರೆ ಅಂತ ತಿಳ್ಕೋಬೇಡಿ.

ಗಮನ ಕೊಡಬೇಕಿರೋದು ತಾರೀಕಿನ ಮೇಲೆ. ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರು ಆಗ್ಬೇಕು. ಅಂದ್ರೆ ಆಗಸ್ಟ್ 20ರ ಒಳಗೆ. ಅದಕ್ಕೆ ಮುಂಚೆ ಹಲ್ಲು ತೋರಿಸಿ, ಕೆಟ್ಟಿರೋದನ್ನ ಈಗ್ಲೇ ಕೀಳಿಸಿ ಹತ್ತು ಹದಿನಾಲ್ಕು ದಿನ ಮಾಯೋಕೆ ಬಿಡಿ. ರೇಡಿಯೇಷನ್ ಆದ್ಮೇಲೆ ಆ ದವಡೇಲಿ ಯಾರೂ ಸುಮ್ ಸುಮ್ನೆ ಹಲ್ಲು ಕೀಳ್ಬಾರ್ದು, ಮೂಳೆಗೆ ರಕ್ತ ಕಮ್ಮಿ ಆಗಿರುತ್ತೆ, ಮೂಳೆ ಸತ್ತು ಹೊರಗೆ ಬರುತ್ತೆ.

ಟೀ ಅಂಗಡಿ | ಜುಲೈ 27
ನಮ್ ಮಾವನಿಗೆ ವಾಪಸ್ ಬಂದಿದೆ ಸರ್, ಎರಡನೇ ಸಲ, ಆಪರೇಷನ್ ಆಗಲ್ಲ ಅಂದ್ರು. ಇಮ್ಯುನೋಥೆರಪಿ ಲಕ್ಷಾಂತರ ಅಂತೆ. ಮೊದ್ಲು ಮಜ್ಜಿಗೆ ಅಂತ ತಮಾಷೆ ಮಾಡಿದ್ದಕ್ಕೆ ಸಾರಿ.

ಕೆಳದವಡೆ | ಜುಲೈ 27
ಸಾರಿ ಎಲ್ಲಾ ಬೇಡ. ನಿಮ್ ಮೆಡಿಕಲ್ ಆಂಕಾಲಜಿ ಡಾಕ್ಟ್ರಿಗೆ ಕಡಿಮೆ ಡೋಸಿನ ನಿವೋಲುಮ್ಯಾಬ್ ಬಗ್ಗೆ ಕೇಳಿ, ಅದೂ ಇಮ್ಯುನೋಥೆರಪಿ ಇಂಜೆಕ್ಷನ್ನೇ. ಮಾಮೂಲಿ ಡೋಸ್ 240 ಮಿಲಿಗ್ರಾಂ, ಟಾಟಾದವರು ಬರೀ 20 ಮಿಲಿಗ್ರಾಮನ್ನ ಮೂರು ವಾರಕ್ಕೊಂದ್ಸಲ ಕೊಟ್ಟು, ಜೊತೆಗೆ ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್ ಮಾತ್ರೆ ಕೊಟ್ರು. ಒಂದು ವರ್ಷಕ್ಕೆ ಬದುಕಿದ್ದೋರು ಮಾತ್ರೆ ಮಾತ್ರ ತಗೊಂಡೋರಲ್ಲಿ ನೂರಕ್ಕೆ 16, ಇಂಜೆಕ್ಷನ್ ಸೇರಿಸಿದೋರಲ್ಲಿ 43. ಗುಣ ಮಾಡೋದಲ್ಲ, ಟೈಮ್ ಕೊಡುತ್ತೆ. ಮಾವಂಗೆ ಹೊಂದುತ್ತಾ ಅಂತ ಅವರೇ ಹೇಳ್ಬೇಕು.

ಸೂಳೆಕೆರೆ ಏರಿ | ಆಗಸ್ಟ್ 14
ಇವತ್ತು ಒಂದನೇ ಕರೆಂಟು. ಮುಖಕ್ಕೆ ಬಿಸಿನೀರಲ್ಲಿ ಮೆತ್ತಗೆ ಮಾಡಿದ ಬಲೆ ಥರ ಪ್ಲಾಸ್ಟಿಕ್ ಹಾಕಿ ಅಚ್ಚು ತೆಗೆದಿದ್ರು, ಅದನ್ನ ಹಾಕಿ ಟೇಬಲಿಗೆ ಕ್ಲಿಪ್ ಮಾಡ್ತಾರೆ. ಹತ್ತು ನಿಮಿಷ. ಏನೂ ಆಗ್ಲೇ ಇಲ್ಲ ಕಣೋ ಅಂದ್ರು ಆಚೆ ಬಂದು.

ನೈಟ್ ಶಿಫ್ಟ್ | ಆಗಸ್ಟ್ 14
ಈಗ ಹಾಗೇ ಹೇಳ್ತಾರೆ. ಮೂರನೇ ವಾರದಿಂದ ಉಂಟು ಹಬ್ಬ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ, ದಿನಕ್ಕೆ ಏಳೆಂಟು ಸಲ ಬಾಯಿ ಮುಕ್ಕಳಿಸ್ಲಿ. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ. ಕತ್ತಿಗೆ ಅರಿಶಿನ, ಎಣ್ಣೆ, ವಿಭೂತಿ ಏನೂ ಹಚ್ಚಬೇಡಿ, ಅವರು ಕೊಟ್ಟದ್ದು ಮಾತ್ರ. ವಾರಕ್ಕೊಮ್ಮೆ ತೂಕ ನೋಡಿ. ಮತ್ತೆ ಐಸ್‌ಕ್ರೀಂ ಕಡ್ಡಿ ವ್ಯಾಯಾಮ ಶುರು ಮಾಡಿ: ಕಡ್ಡಿಗಳನ್ನ ಒಂದರ ಮೇಲೊಂದು ಇಟ್ಟು ಕಟ್ಟಿ ಹಲ್ಲಿನ ಮಧ್ಯೆ ತೂರಿಸಿ, ಸ್ವಲ್ಪ ಹೊತ್ತು ಹಿಡಿದು ಬಿಡುದು, ದಿನಕ್ಕೆ ಐದಾರು ಸಲ. ಎಷ್ಟು ಕಡ್ಡಿ ಹೋಯ್ತು ಅಂತ ಬರೆದಿಡಿ. ಫೈಬ್ರೋಸಿಸ್ ಇದ್ದವರಿಗೆ ಇದು ಬಿಟ್ರೆ ಬಾಯಿ ಬೀಗ ಹಾಕಿದ ಹಾಗೆ ಆಗ್ತದೆ.

ಸೂಳೆಕೆರೆ ಏರಿ | ಸೆಪ್ಟೆಂಬರ್ 6
ಮೇಡಂ ನೀವು ಹೇಳಿದ್ದು ಹಂಗೇ ಆಯ್ತು. 16 ಆಗಿದೆ. ಬಾಯೆಲ್ಲಾ ಬೆಂದಿದೆ, ಉಗುಳು ಅಂಟು ಅಂಟು ನೂಲು ಥರ, ಬಿಳಿ ಬಿಳಿ ಫಂಗಸ್ ಬಂದು ಅದಕ್ಕೊಂದು ಮಾತ್ರೆ. ನಾಲ್ಕು ಕೆಜಿ ಇಳಿದಿದಾರೆ. ಎರಡು ದಿನ ರಜಾ ಹಾಕಿ ಊರಿಗೆ ಹೋಗ್ ಬರ್ತೀನಿ ಅಂತ ಹಠ, ಗಣಪತಿ ಹಬ್ಬ ಅಂತ. ಕಡ್ಡಿ ಒಂಬತ್ತಕ್ಕೆ ಇಳಿದಿದೆ.

ಪುಟ್ಟಿ ಅಮ್ಮ | ಸೆಪ್ಟೆಂಬರ್ 6
ಮಧ್ಯದಲ್ಲಿ ಬಿಡಿಸ್ಬೇಡಿ. ಗ್ಯಾಪ್ ಕೊಟ್ರೆ ಉಳಿದಿರೋ ಕಣ ಆ ಗ್ಯಾಪಲ್ಲಿ ಬೆಳ್ಕೊಳುತ್ತೆ ಅಂತ ನಂಗೂ ಹೇಳಿದ್ರು. ಊಟಕ್ಕೆ ಮುಂಚೆ ಮರಗಟ್ಟಿಸೋ ಸೈಲೋಕೇನ್ ಜೆಲ್ ಇರುತ್ತೆ, ಬರ್ಸಿಕೊಳ್ಳಿ. ನೋವಿನ ಮಾತ್ರೆ ಕೇಳೋಕೆ ನಾಚಿಕೆ ಪಡಬಾರ್ದು, ಸಿರಪ್ ಸಿಗುತ್ತೆ ಪೈಪಲ್ಲೇ ಹಾಕ್ಬಹುದು. ಕಡ್ಡಿ ಒಂದಾದ್ರೂ ಪರ್ವಾಗಿಲ್ಲ ಬಿಡಬೇಡಿ.

ಸೂಳೆಕೆರೆ ಏರಿ | ಸೆಪ್ಟೆಂಬರ್ 26
30 ಮುಗೀತು. ಆ ಮುಖದ ಬಲೆ ಮನೆಗೆ ಕೊಟ್ಟು ಕಳಿಸಿದ್ರು. ಭಾವ ಅದನ್ನ ಆಟೋ ಮುಂದೆ ದೃಷ್ಟಿಬೊಂಬೆ ಥರ ಕಟ್ತೀನಿ ಅಂತಿದಾರೆ, ಅಕ್ಕ ಕಟ್ಟಿದ್ರೆ ಮನೆಗೆ ಬರ್ಬೇಡಿ ಅಂದಿದಾಳೆ.

ಸೂಳೆಕೆರೆ ಏರಿ | ಅಕ್ಟೋಬರ್ 19
ಒಂದು ಕೆಲಸ ಮಾಡಿದ್ವಿ. ಸ್ಟ್ಯಾಂಡಲ್ಲಿ ಹನ್ನೊಂದು ಆಟೋ, ಎಲ್ರೂ ಹಾಕೋರೇ. ಭಾವನೇ ಕರ್ದು ಸಾಲಾಗಿ ಕೂರಿಸಿ ನಂಗೆ ಮೊಬೈಲ್ ಟಾರ್ಚ್ ಹಿಡ್ಸಿ ಬಾಯಿ ನೋಡಿಸಿದ್ರು. ಮೂರು ಬೆರಳು ಹೋಗದೇ ಇರೋರು ನಾಲ್ಕು ಜನ. ಒಬ್ಬ 26 ವರ್ಷದ ಹುಡುಗನ ಕೆನ್ನೇಲಿ ಸುಣ್ಣ ಬಳಿದಂಗೆ ಬಿಳಿ ಮಚ್ಚೆ, ಉಜ್ಜಿದ್ರೂ ಹೋಗಲ್ಲ, ಅದರ ಮಧ್ಯೆ ಒಂದು ಕಡೆ ಕೆಂಪು. ಭಾವ ಅವನ ಆಟೋ ಬೀಗ ಕಿತ್ಕೊಂಡು ನನ್ ಗಾಡೀಲಿ ಹತ್ತಿಸಿ ದಾವಣಗೆರೆಗೆ ಕಳಿಸಿದ್ರು.

ಕೆಳದವಡೆ | ಅಕ್ಟೋಬರ್ 19
ಬಿಳಿ ಮಧ್ಯೆ ಕೆಂಪು ಇದ್ರೆ ಬರೀ ಬಿಳಿಗಿಂತ ಅಪಾಯ ಜಾಸ್ತಿ, ಕಳಿಸಿದ್ದು ಸರಿ ಆಯ್ತು. ಅಣ್ಣ, ನೀವು ಮಾಡಿದ್ದನ್ನೇ ತಿರುವನಂತಪುರದ ಕಡೆ ವರ್ಷಗಟ್ಟಲೆ ಮಾಡಿ ನೋಡಿದಾರೆ, ಮನೆ ಮನೆಗೆ ಆರೋಗ್ಯ ಕಾರ್ಯಕರ್ತರು ಹೋಗಿ ಟಾರ್ಚ್ ಹಾಕಿ ಬಾಯಿ ನೋಡೋದು ಅಷ್ಟೇ. ತಂಬಾಕು, ಹೆಂಡ ಅಭ್ಯಾಸ ಇರೋರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದು ಕಮ್ಮಿ ಆಯ್ತು ಅಂತ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಯಾವ ಮಿಷಿನ್ನೂ ಇಲ್ಲ.

ತೋಟದ ಮನೆ | ಅಕ್ಟೋಬರ್ 20
ನಾನು ಜೂನಿಂದ ಈ ಚರ್ಚೆ ಓದ್ತಾ ಬಂದಿದೀನಿ. ನಿನ್ನೆ ರಾತ್ರಿ ಸುಮ್ನೆ ಬೆರಳಿಟ್ಟು ನೋಡ್ಕೊಂಡೆ. ಮೂರು ಹೋಗುತ್ತೆ, ಆದ್ರೆ ಮೂರನೇದು ಬಿಗಿ. ಕೊನೇ ಕೊಯ್ಲು ಮುಗಿದ ಮೇಲೆ ತೋರಿಸ್ತೀನಿ.

ಪುಟ್ಟಿ ಅಮ್ಮ | ಅಕ್ಟೋಬರ್ 20
ಕೊಯ್ಲು ಯಾವಾಗ ಮುಗಿಯುತ್ತೆ?

ತೋಟದ ಮನೆ | ಅಕ್ಟೋಬರ್ 20
ಜನವರಿ.

ಪುಟ್ಟಿ ಅಮ್ಮ | ಅಕ್ಟೋಬರ್ 20
ಎರಡು ವಾರ.

ತೋಟದ ಮನೆ | ಅಕ್ಟೋಬರ್ 20
ಸರಿ ಮಾರಾಯ್ತಿ, ಸೋಮವಾರ ಶಿವಮೊಗ್ಗಕ್ಕೆ ಹೋಗ್ತೀನಿ.

ಸೂಳೆಕೆರೆ ಏರಿ | ನವೆಂಬರ್ 16
ಬಹಳ ದಿನ ಆಯ್ತು ಬರೆದು. ಮೂಗಿನ ಪೈಪ್ ತೆಗೆದು ಒಂದು ತಿಂಗಳಾಯ್ತು. ಮುದ್ದೆ ಹೋಗುತ್ತೆ, ಅಗಿಯೋ ಹಂಗಿಲ್ವಲ್ಲ ಅದಕ್ಕೆ ಅದೇ ಸಲೀಸು, ಚಪಾತಿ ಸಾರಲ್ಲಿ ನೆನೆಸ್ಬೇಕು. ಹೋಳಿಗೆ ಹಾಲಲ್ಲಿ ಕಿವುಚಿ ತಿಂದ್ರು ಆದ್ರೆ ಸಿಹಿ ಗೊತ್ತಾಗ್ಲಿಲ್ಲ, ಮಣ್ಣು ತಿಂದಂಗೆ ಇತ್ತು ಅಂದ್ರು. ಯಾವಾಗ್ಲೂ ಕೈಲಿ ನೀರಿನ ಬಾಟ್ಲು, ಬಾಯಿ ಒಣಗುತ್ತೆ. ಹೋದ ವಾರ ಒಂದು ಜಗಳ ಆಯ್ತು ಮನೇಲಿ, ಸಾರಿಗೆ ಉಪ್ಪೇ ಹಾಕಿಲ್ಲ ಅಂತ ತಟ್ಟೆ ತಳ್ಳಿದ್ರು, ಅಕ್ಕನೂ ಬೈದ್ಲು, ಆಮೇಲೆ ಅರ್ಧ ಗಂಟೆ ಬಿಟ್ಟು ನಂಗೆ ಫೋನ್ ಮಾಡಿ, ಲೋ ಇವತ್ತು ಸಾರಿಗೆ ನಿಜವಾಗ್ಲೂ ಉಪ್ಪು ಹಾಕೋದು ಮರೆತಿದ್ದೆ ಕಣೋ ಅಂದ್ಲು.

ಆ 26ರ ಹುಡುಗಂಗೆ ಕ್ಯಾನ್ಸರ್ ಇನ್ನೂ ಆಗಿಲ್ಲ ಅಂತ ಬಂತು, ಡಿಸ್ಪ್ಲೇಷಿಯಾ ಅಂತೆ, ಅಂದ್ರೆ ಕ್ಯಾನ್ಸರಿಗೆ ಮುಂಚಿನ ಬದಲಾವಣೆ, ಮಚ್ಚೆ ಪೂರ್ತಿ ತೆಗೆದು ಕಳಿಸಿದಾರೆ. ಭಾವಂಗೆ ಮುಂದಿನ ಚೆಕಪ್ ಡಿಸೆಂಬರ್ 9, ಥೈರಾಯ್ಡ್ ಟೆಸ್ಟ್ ಬೇರೆ ಮಾಡಿಸ್ಕೊಂಡು ಬನ್ನಿ ಅಂದಿದಾರೆ.

ನೈಟ್ ಶಿಫ್ಟ್ | ನವೆಂಬರ್ 16
ಕತ್ತಿಗೆ ಕರೆಂಟ್ ಆದವರಿಗೆ ಥೈರಾಯ್ಡ್ ಕಮ್ಮಿ ಆಗ್ತದೆ ಹಾಗಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡ್ತಾರೆ, ಗಾಬರಿ ಇಲ್ಲ. ಅದಿರ್ಲಿ, ಕಡ್ಡಿ ಎಷ್ಟು?

ಸೂಳೆಕೆರೆ ಏರಿ | ನವೆಂಬರ್ 16
ಹದಿನಾಲ್ಕು. ಕಡ್ಡಿಪುಡಿ ಬಿಡಿಸಿ ಕಡ್ಡಿ ಕೊಟ್ರಲ್ಲ ಅಂತ ನಿಮ್ಮನ್ನ ಬೈತಾರೆ.

ನೈಟ್ ಶಿಫ್ಟ್ | ನವೆಂಬರ್ 16
ಬೈಲಿ. ಹದಿನೈದನೇದು ಈ ವಾರ ತೂರಿಸ್ಲಿಕ್ಕೆ ಹೇಳಿ.